ಕೊಬ್ಬರಿ ಗೋಡೌನಿನ ಬೀಗ

ನಾನು ಚಿಕ್ಕವನಿದ್ದಾಗ ಬೀಗ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಅಷ್ಟು ಸಣ್ಣ ತೂತಿನೊಳಗೆ ಕೀಲಿಕೈ ಹೋಗಿ ಏನು ಮಾಡುತ್ತದೆ? ಕಬ್ಬಿಣದ ಕೊಂಡಿ ಯಾಕೆ ಬಾಯಿ ಬಿಡುತ್ತದೆ? ಅಪ್ಪ ಗುಬ್ಬಿ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅವರನ್ನು ಕೇಳಿದರೆ ಹೋಗಿ ಮಗ್ಗಿ ಓದು ಎನ್ನುತ್ತಿದ್ದರು. ನಾನು ಏನು ಕೇಳಿದರೂ ಅವರದು ಅದೇ ಉತ್ತರ. ಕೊನೆಗೆ ಮುರಿದ ಕೊಡೆಯ ಕಡ್ಡಿಯೊಂದನ್ನು ಕಲ್ಲಿಗೆ ಉಜ್ಜಿ, ತುದಿ ಬಗ್ಗಿಸಿಕೊಂಡೆ. ಮೊದಲು ಅಕ್ಕನ ಟ್ರಂಕಿನ ಬೀಗ ತೆಗೆದೆ. ಅಕ್ಕ ನನ್ನ ಬೆನ್ನಿಗೆ ಎರಡು ಕೊಟ್ಟಳು.

ನಮ್ಮ ಬೀದಿಯ ಕೊನೆಗೆ ಸಾಹುಕಾರರೊಬ್ಬರ ಕೊಬ್ಬರಿ ಗೋಡೌನು ಇತ್ತು. ಅದರ ಬಾಗಿಲಿಗೆ ನನ್ನ ಅಂಗೈಯಗಲದ ಬೀಗ. ಒಂದು ಭಾನುವಾರ ಮಧ್ಯಾಹ್ನ, ಬೀದಿಯವರೆಲ್ಲ ಉಂಡು ಮಲಗಿದ್ದಾಗ, ಕಡ್ಡಿ ತೂರಿಸಿ ತಿರುಗಿಸಿದೆ. ಟಕ್ ಎಂದಿತು. ಬಾಗಿಲು ಗೇಣುದ್ದ ಸರಿದು ಒಣ ಕೊಬ್ಬರಿಯ ಬೆಚ್ಚನೆಯ ವಾಸನೆ ಮುಖಕ್ಕೆ ಹೊಡೆಯಿತು. ನನಗೆ ಹಿಗ್ಗೋ ಹಿಗ್ಗು. ಇನ್ನು ಮನೆಗೆ ಹೋಗೋಣ ಎಂದು ಬೀಗ ಒತ್ತಿದರೆ ಅದು ಬೀಳಲೇ ಇಲ್ಲ. ಕೀಲಿಕೈ ತಿರುಗಿಸಿದರೆ ಮಾತ್ರ ಬೀಳುವ ಜಾತಿಯ ಬೀಗ ಅದು. ಕಡ್ಡಿಯಿಂದ ಎಷ್ಟು ತಿಣುಕಿದರೂ ಆಗಲಿಲ್ಲ.

ಬಿಟ್ಟು ಓಡಿದರೆ ಯಾರಾದರೂ ಕೊಬ್ಬರಿ ಹೊತ್ತುಕೊಂಡು ಹೋಗುತ್ತಾರೆ. ಹೋಗಿ ಹೇಳಿದರೆ ನನ್ನ ಚರ್ಮ ಸುಲಿಯುತ್ತಾರೆ. ಏನೂ ತೋಚದೆ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಬಿಸಿಲು ಪಾದದಿಂದ ಮಂಡಿಗೆ, ಮಂಡಿಯಿಂದ ಮುಖಕ್ಕೆ ಬಂತು. ಸಂಜೆ ಸಾಹುಕಾರರು ಬಂದಾಗ ನನ್ನ ತೊಡೆಯ ಮೇಲೆ ಅವರ ಬೀಗ, ಕೈಯಲ್ಲಿ ನನ್ನ ಕಡ್ಡಿ. ಕಿವಿ ಹಿಡಿದು ನೇರ ಪೊಲೀಸ್ ಠಾಣೆಗೆ ಎಳೆದುಕೊಂಡು ಹೋದರು. ಇವನನ್ನು ಹುಡುಗರ ಜೈಲಿಗೆ ಕಳಿಸಲೇಬೇಕು ಎಂದು ಹಟ ಹಿಡಿದರು. ಸುದ್ದಿ ತಿಳಿದ ಅಪ್ಪ ಕೊರಳಲ್ಲಿ ಅಳತೆ ಟೇಪು ಇದ್ದ ಹಾಗೇ ಓಡಿ ಬಂದರು. ನನ್ನ ಮುಖ ಮಾತ್ರ ನೋಡಲಿಲ್ಲ. ಅವರು ನಾಲ್ಕು ಬಾರಿಸಿದ್ದರೂ ನನಗೆ ಅಷ್ಟು ಅಳು ಬರುತ್ತಿರಲಿಲ್ಲ.

ಠಾಣೆಯ ದಫೇದಾರರು ಮೊದಲು ಪೇದೆಯೊಬ್ಬರನ್ನು ಗೋಡೌನಿಗೆ ಕಳಿಸಿದರು. ಒಂದು ಕೊಬ್ಬರಿಯೂ ಕದಲಿರಲಿಲ್ಲ. ಎಷ್ಟು ಹೊತ್ತು ಕೂತಿದ್ದೆ, ಯಾಕೆ ಕೂತಿದ್ದೆ ಎಂದು ನನ್ನನ್ನು ನಿಧಾನವಾಗಿ ಕೇಳಿದರು. ಆಮೇಲೆ ಸಾಹುಕಾರರ ಕಡೆ ತಿರುಗಿದರು.

“ಕದಿಯೋಕ್ ಬಂದೋನು ಕಾವಲು ಕೂತ್ಕತಾನಾ ಸಾಹುಕಾರ್ರೇ?”

ಆಮೇಲೆ ದಫೇದಾರರು ನನ್ನ ಮುಂದೆ ಬೀಗ ಇಟ್ಟರು. “ಹೆಂಗ್ ತೆಗ್ದೆ? ತೋರ್ಸೋ.”

ಅಷ್ಟು ದಿನದಲ್ಲಿ ನನ್ನನ್ನು ಹಾಗೆ ಕೇಳಿದವರು ಅವರೊಬ್ಬರೇ. ಕಡ್ಡಿ ತೂರಿಸಿ ತೋರಿಸಿದೆ. ಅವರು ನನ್ನ ಹೆಸರು ಬರೆದುಕೊಳ್ಳಲಿಲ್ಲ. ಸಾಹುಕಾರರ ಕಾಲಿಗೆ ಬೀಳಿಸಿ ತಪ್ಪಾಯಿತು ಎನ್ನಿಸಿದರು. ಬಳಿಕ ಅಪ್ಪನನ್ನೂ ನನ್ನನ್ನೂ ಪೇಟೆಯ ಬೀಗ ರಿಪೇರಿಯವರ ಬಳಿಗೆ ಕರೆದುಕೊಂಡು ಹೋದರು. ರಿಪೇರಿಯವರು ಕೆಟ್ಟ ಬೀಗವೊಂದನ್ನು ಬಿಚ್ಚಿ ಹರಡಿದರು. ಒಳಗೆ ಉಗುರಿನಷ್ಟು ತೆಳ್ಳನೆಯ ಹಿತ್ತಾಳೆ ತಗಡುಗಳು, ಒಂದರ ಮೇಲೊಂದು! ಅವೆಲ್ಲ ಸರಿಯಾದ ಎತ್ತರಕ್ಕೆ ಎದ್ದರೆ ಕೊಂಡಿ ಬಿಡುತ್ತದಂತೆ. ನಾನು ಬಗ್ಗಿ ನೋಡುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಅಪ್ಪನೂ ಸಿಟ್ಟು ಮರೆತು ಬಗ್ಗಿ ನೋಡುತ್ತಿದ್ದರು.

“ಭಾನ್ವಾರ ಭಾನ್ವಾರ ಇಲ್ಲಿ ಬಂದು ಕಲ್ತ್ಕೊ. ಬೇರೆಯವ್ರ ಬೀಗ ಕೇಳ್ದೆ ಮುಟ್ಬೇಡ ಕಣೋ,” ಎಂದರು ದಫೇದಾರರು. ನಾನು ಮುಟ್ಟಲಿಲ್ಲ. ಮುಂದಿನ ವರ್ಷ ಕೀಲಿಕೈ ಕಳೆದುಕೊಂಡ ಸಾಹುಕಾರರು ತಾವೇ ಹೇಳಿ ಕಳಿಸಿದಾಗ ಮಾತ್ರ ಮುಟ್ಟಿದೆ.

ಮಕ್ಕಳೇ, ಉಪ್ಪಾರಹಳ್ಳಿಯ ನಮ್ಮ ಈ ಮನೆಯ ಬೀಗಕ್ಕೆ ಕೀಲಿಕೈಯೇ ಇಲ್ಲ, ಬೆರಳಿಟ್ಟರೆ ಸಾಕು. ಬೀದಿ ತುಂಬ ಕ್ಯಾಮೆರಾ. ನಿಮ್ಮ ಗೆಳೆಯ ಎದುರು ಮನೆಯವರ ವೈಫೈ ಪಾಸ್‌ವರ್ಡ್ ಕಂಡುಹಿಡಿದು ಅವರ ಮೆಟ್ಟಿಲ ಮೇಲೆ ಕೂತಿದ್ದು ಆ ಕ್ಯಾಮೆರಾದಲ್ಲೇ ಸೆರೆಯಾಯಿತು. ಫೋಟೊ ಬೀದಿಯವರ ಗ್ರೂಪಿಗೆ ಬಂತು. ಕೆಳಗೆ ಎಲ್ಲರೂ ಕಳ್ಳ, ಕಳ್ಳ ಎಂದು ಬರೆದರು. ನಾನೂ ಓದಿ ಸುಮ್ಮನಿದ್ದೆ, ನಾಚಿಕೆಯಾಗುತ್ತದೆ. ಮೂರು ದಿನದಿಂದ ಅವನು ಆಡಲು ಬಂದಿಲ್ಲ ಎಂದಿರಲ್ಲ? ಹೋಗಿ ಕರೆದುಕೊಂಡು ಬನ್ನಿ. ಅದನ್ನು ಹೇಗೆ ಕಂಡುಹಿಡಿದ ಎಂದು ತಾತ ಕೇಳುತ್ತಿದ್ದಾರೆ ಎನ್ನಿ.