ನಾನು ಬಿಗಿದು ಕಟ್ಟಿದ ಬಟ್ಟೆ

ಅರವತ್ತರ ದಶಕದ ಶುರುವಿನಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಸುತ್ತಮುತ್ತಲ ನಾಲ್ಕು ತಾಲ್ಲೂಕುಗಳ ಸ್ಕೂಲು ಮಕ್ಕಳ ಕ್ರೀಡಾಕೂಟ ಮಧುಗಿರಿಯಲ್ಲಿ ನಡೆಯಿತು. ಹುಡುಗಿಯರಿಗೆ ಮೈದಾನದ ಸುತ್ತ ನಾಲ್ಕು ಸುತ್ತಿನ ಓಟ ಇಟ್ಟದ್ದು ಅದೇ ಮೊದಲು. ಕೊರಟಗೆರೆ ಕಡೆಯ ನಮ್ಮ ಸ್ಕೂಲಿನಿಂದ ಓಡುವವಳು ನನ್ನ ಗೆಳತಿ. ಅವಳ ಜೊತೆಗೆಂದು ನನ್ನನ್ನೂ ಕಳಿಸಿದ್ದರು. ನನಗೆ ಓಡುವ ಕಾಲಿರಲಿಲ್ಲ, ಬಾಯಿ ಮಾತ್ರ ಇತ್ತು.

ಬಸ್ಸು ಹತ್ತುವ ಮುಂಚೆಯೇ ಹೆಡ್ಮಾಸ್ಟರು, "ಏನಾದರೂ ಹೆಚ್ಚುಕಮ್ಮಿ ಆಯ್ತೋ, ಇನ್ನು ನಮ್ಮ ಹೆಣ್ಣುಮಕ್ಕಳಿಗೆ ಓಟವೇ ಇಲ್ಲ" ಅಂದಿದ್ದರು. ಅದಕ್ಕಿಂತ ಹೆಚ್ಚು ಹೆದರಿಸಿದವಳು ನನ್ನ ಅಜ್ಜಿ, ಊರಿನ ಸೂಲಗಿತ್ತಿ.

"ಹೆಣ್ಣುಡ್ಗಿ ಅಷ್ಟು ದೂರ ಓಡುದ್ರೆ ಗರ್ಭ ಜಾರ್ತದೆ ಕಣಮ್ಮ. ಬಾಣಂತಿಗೆ ಕಟ್ಟೋ ಅಂಗೆ ಹೊಟ್ಟೆಗೆ ಬಿಗಿಯಾಗಿ ಕಟ್ಬುಡು" ಅಂತ ಹಳೇ ಸೀರೆಯ ತುಂಡೊಂದನ್ನು ನನ್ನ ಕೈಗೆ ಕೊಟ್ಟಳು. ಊರಿನ ಅರ್ಧ ಮಕ್ಕಳನ್ನು ಎತ್ತಿದ ಕೈ ಅದು. ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಮಧುಗಿರಿಯಲ್ಲಿ ಬೆಟ್ಟದ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಗೋಡೆಯ ಮರೆಯಲ್ಲಿ ಗೆಳತಿಯ ಹೊಟ್ಟೆಗೆ ಬಟ್ಟೆ ಸುತ್ತಿದೆ.

"ಉಸ್ರು ಕಟ್ತದೆ ಕಣೇ."

"ಗರ್ಭ ಜಾರುದ್ರೆ ಆಮೇಲೇನ್ ಮಾಡೀಯ?" ಅಂತ ಬೈದು ಇನ್ನೊಂದು ಸಲ ಜಗ್ಗಿ ಗಂಟು ಹಾಕಿದೆ.

ಹುಡುಗರ ಓಟಕ್ಕೆ ಕೂಗಾಡಿದ ಜನ, ಹುಡುಗಿಯರು ಸುಣ್ಣದ ಗೆರೆಯ ಮೇಲೆ ನಿಂತಾಗ ಗಪ್‌ಚಿಪ್. ಏನೋ ಆಗಲಿ ಅಂತಲೇ ಕಾಯುತ್ತಿದ್ದಂತಿತ್ತು.

ಎರಡು ಸುತ್ತು ಅವಳೇ ಮುಂದೆ. ಮೂರನೆಯದರಲ್ಲಿ ಬಾಯಿ ತೆರೆದುಕೊಂಡಿತು, ಕೈ ಮತ್ತೆ ಮತ್ತೆ ಹೊಟ್ಟೆಗೆ ಹೋಯಿತು. ಬಟ್ಟೆ ಬಿಚ್ಚೇ ಅಂತ ಅಷ್ಟು ಗಂಡಸರ ಮುಂದೆ ಹೇಗೆ ಕೂಗಲಿ? ಬಾಯಿಬಡುಕಿ ನಾನು ಬಾಯಿ ಮುಚ್ಚಿಕೊಂಡು ನಿಂತೆ. ಕೊನೆಯ ಸುತ್ತಿನಲ್ಲಿ ಅವಳು ಬೋರಲು ಬಿದ್ದಳು. ಓಡಿಹೋಗಿ ನೋಡಿದರೆ ತುಟಿ ನೀಲಿ. ಲಂಗದೊಳಗೆ ಕೈ ಹಾಕಿದೆ. ಬೆವರಿಗೆ ನೆಂದ ಗಂಟು ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಉಗುರು ಕಿತ್ತುಕೊಂಡು ಬಿಚ್ಚಿದ ಮೇಲೆ ಅವಳಿಗೆ ಉಸಿರು ಬಂತು. ಅವಳನ್ನು ಕೆಡವಿದ್ದು ಓಟವಲ್ಲ, ನನ್ನ ಗಂಟು ಅಂತ ಆ ಕ್ಷಣವೇ ಗೊತ್ತಾಯಿತು. ಬಟ್ಟೆಯನ್ನು ಯಾರೂ ನೋಡುವ ಮುಂಚೆ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಹೆಣ್ಣಿಗೆ ಓಟ ಆಗಿಬರಲ್ಲ ಅಂತ ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಹೆಡ್ಮಾಸ್ಟರು ಆಡಿದಂತೆಯೇ ಮಾಡಿದರು. ಗೆಳತಿಯಂತೂ, ಬಟ್ಟೆ ಕಟ್ಟಿದ್ದಕ್ಕೇ ಉಳಿದುಕೊಂಡೆ ಅಂತ ನನ್ನ ಅಜ್ಜಿಯ ಕಾಲಿಗೆ ಬಿದ್ದಳು. ಆಗಲಾದರೂ ಹೇಳಬಹುದಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಎರಡು ವರ್ಷದ ಮೇಲೆ ಬೇರೆ ಹೆಡ್ಮಾಸ್ಟರು ಬಂದು ಹುಡುಗಿಯರ ಓಟವನ್ನು ಮತ್ತೆ ಶುರುಮಾಡಿದರು. ಗೆಳತಿಯ ತಂಗಿ ಹೆಸರು ಕೊಟ್ಟಳು. ಅಕ್ಕ ಬೇಡವೆಂದರೂ ಕೇಳಲಿಲ್ಲ.

"ಅವತ್ತು ಕಣ್ಣಾರೆ ಕಂಡೋಳು ಇವ್ಳು. ಇವ್ಳನ್ನೇ ಕೇಳು" ಅಂತ ಗೆಳತಿ ನನ್ನ ಕಡೆ ತಿರುಗಿದಳು.

"ಓಡುದ್ರೆ ಜೀವಕ್ಕೇ ಬರ್ತದಂತೆ, ದಿಟವೇನಕ್ಕ?" ಅಂದಳು ಹುಡುಗಿ.

"ಹೂಂ ಕಣಮ್ಮ," ಅಂದೆ ನಾನು. "ಓಡ್ಬ್ಯಾಡ."

ಮಾರನೇ ದಿನ ಅವಳು ಹೆಸರು ಹೊಡೆದುಹಾಕಿಸಿದಳು.