ಸುಣ್ಣ ಬಳಿಯದ ಗೋಡೆ

ಬಿಷಪ್ಪರು ಬರುವ ಮುನ್ನ ಕೋಲಾರದ ನಮ್ಮ ಮೆಥೊಡಿಸ್ಟ್ ಚರ್ಚಿನ ಕಲ್ಲುಗೋಡೆಗೆ ಸುಣ್ಣ ಬಳಿಸಬೇಕೆಂದು ಹಟ ಹಿಡಿದವಳು ನಾನೇ. ಹೆಣ್ಣುಮಕ್ಕಳ ಹಾಸ್ಟೆಲಿನ ಮೇಟ್ರನ್, ಅದರ ಮೇಲೆ ಕಾನ್ವೆಂಟಿನಲ್ಲಿ ಕಲಿತವಳು. ಪಾಚಿ ಹಿಡಿದ ಗೋಡೆಯನ್ನು ಹೇಗೆ ಸಹಿಸಲಿ?

ಸುಣ್ಣ ಕಲಸಿಟ್ಟ ಮುದುಕ ಮುನಿಸ್ವಾಮಿ ಮಾತ್ರ ಬಳಿಯಲು ಒಪ್ಪಲಿಲ್ಲ. "ಇದು ನಮ್ಮ ನಾಯನ ಕಟ್ಟಿದ ಗೋಡೆ, ಅಮ್ಮಾ. ಬಳಿದರೆ ಅವನ ಗುರುತು ಮುಚ್ಚಿಹೋಗ್ತದೆ."

"ನಿಮ್ಮಪ್ಪನ ಯಾವ ಗುರುತು? ತೋರಿಸು."

"ಕಿಟಕಿಯ ಎಡಕ್ಕೆ ಮೂರನೇ ಕಲ್ಲು. ಕೋಳಿಕಾಲು ಕೆತ್ತವ್ನೆ. ಕಲ್ಲು ಕೆತ್ತಿದ ಒಬ್ಬೊಬ್ಬನದೂ ಒಂದೊಂದು ಗುರುತು. ಅದು ಅಲ್ಲಿ ಇಲ್ದಿದ್ರೆ ನಾನೇ ಬಳೀತೀನಿ."

ಅವನ ಮಾತು ಸುಳ್ಳೆಂದು ತೋರಿಸಲು ನಾನೇ ಬ್ರಷ್ ಹಿಡಿದು ಉಜ್ಜಿದೆ. ಪಾಚಿ ಕಳಚಿ ಕೋಳಿಕಾಲು ಮೂಡಿತು. ನನ್ನ ಕೈ ನಿಲ್ಲಲಿಲ್ಲ. ಪಕ್ಕದ ಕಲ್ಲಿನಲ್ಲಿ ಅರ್ಧಚಂದ್ರ, ಅದರ ಮೇಲಿನದರಲ್ಲಿ ತ್ರಿಶೂಲ! ಹುಡುಗಿಯರೆಲ್ಲ ಓಡಿಬಂದು ತಾವೂ ಉಜ್ಜತೊಡಗಿದರು. ಮುನಿಸ್ವಾಮಿ ತಂದೆಯ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತಿದ್ದ.

ಕಲಸಿದ ಸುಣ್ಣವೆಲ್ಲ ಹಾಸ್ಟೆಲಿನ ಅಡುಗೆಮನೆಯ ಗೋಡೆಗೆ ಹೋಯಿತು. ಹುಡುಗಿಯರ ಬಟ್ಟೆಯಲ್ಲಿ ಒಂದು ಕಲೆ ಕಂಡರೂ ಬದಲಿಸಿ ಬರಲು ಕಳಿಸುತ್ತಿದ್ದ ನಾನು ಆ ಸಂಜೆ ಪಾಚಿ ಮೆತ್ತಿದ ಸೀರೆಯಲ್ಲೇ ಪ್ರಾರ್ಥನೆಗೆ ಕೂತೆ. ಬದಲಿಸಿ ಬನ್ನಿ ಎಂದು ನನಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.