ಸೋಸಲೆಯ ಡೈರಿಯಲ್ಲಿ ‘ಅಟ್ಟಿ ಮಾತು’

ಬೆಳಗಿನ ಐದೂಮುಕ್ಕಾಲು. ಸೋಸಲೆಯ ಹಾಲಿನ ಡೈರಿ ಮುಂದೆ ಕ್ಯಾನು, ತಂಬಿಗೆ ಹಿಡಿದವರ ಸಾಲು ರಸ್ತೆಗೇ ಬಂದಿದೆ. ಹಾಲು ಅಳೆಯುವ ಸಣ್ಣತಾಯಮ್ಮ ಟೇಪ್ ರೆಕಾರ್ಡರಿನ ಗುಂಡಿ ಒತ್ತುತ್ತಾರೆ. ‘ಅಟ್ಟಿ ಮಾತಿಗೆ ಬನ್ನಿ. ದೇವಯ್ಯನ ಎಮ್ಮೆ ಕರ ಆಕದೆ, ಎಣ್ಗರ.’ ಪೆಟ್ಟಿಗೆಯೊಳಗಿನ ಸಣ್ಣತಾಯಮ್ಮ ಹರಟುತ್ತಿದ್ದರೆ, ಹೊರಗಿನ ಸಣ್ಣತಾಯಮ್ಮ ತುಟಿ ಪಿಟಕ್ಕೆನ್ನದೆ ಹಾಲು ಅಳೆಯುತ್ತಾರೆ. ಹಾಲು ಹಾಕಿದವರೂ ಮನೆಗೆ ಹೊರಡುವುದಿಲ್ಲ.

‘ಅಟ್ಟಿ ಮಾತು’ ಎಂದರೆ ಹಟ್ಟಿಯ ಮಾತು, ಶುಕ್ರವಾರಕ್ಕೊಂದು ಅರ್ಧ ಗಂಟೆಯ ಕ್ಯಾಸೆಟ್ಟು. ತೊಂಬತ್ತೆಂಟರಲ್ಲಿ ಒಂದೇ ಡೈರಿಗೆ ಹುಟ್ಟಿದ್ದು, ಈಗ ಆರು ವರ್ಷಕ್ಕೆ ಇಪ್ಪತ್ತೊಂದು ಡೈರಿ ಮುಟ್ಟಿದೆ. ಕಳಲೆ, ತಗಡೂರಿಗೆ ಬಸ್ಸಿನ ಕಂಡಕ್ಟರುಗಳೇ ತಲುಪಿಸುತ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಸಣ್ಣತಾಯಮ್ಮನ ಸ್ಟುಡಿಯೋ ಎಂದರೆ ದನದ ಕೊಟ್ಟಿಗೆ. ನಡುವೆ ಹಸು ಕೂಗಿದರೂ ಅಳಿಸುವುದಿಲ್ಲ. “ಯಾಕ್ ಅಳಿಸ್ಲಿ ಸಾ? ಕೇಳೋರ ಮನೇಲೂ ಅಸ ಕೂಗ್ತದೆ.”

ಈ ಧೈರ್ಯ ಮೊದಲ ದಿನವೇ ಬಂದದ್ದಲ್ಲ. ಮೊದಲ ಕ್ಯಾಸೆಟ್ಟಿಗೆ ಅವರು ರೇಡಿಯೋದವರಂತೆ ಶುದ್ಧವಾಗಿ ಮಾತಾಡಲು ಹೊರಟಿದ್ದರು. ಈ ಕಡೆಯ ನಾಲಿಗೆಗೆ ‘ಹ’ ಹತ್ತುವುದಿಲ್ಲವಲ್ಲ, ಎಲ್ಲಿ ಬಿಟ್ಟುಹೋದೀತೋ ಎಂಬ ಭಯಕ್ಕೆ ಬೇಡದ ಕಡೆಯೂ ಅದನ್ನು ಅಂಟಿಸಿದರು. ‘ಆದರದ ಸ್ವಾಗತ’ ಎನ್ನಲು ಹೋಗಿ, ಇಡೀ ಊರಿಗೆ ‘ಹಾದರದ ಸ್ವಾಗತ’ ಕೋರಿಬಿಟ್ಟರು.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಡೈರಿ ಅಧ್ಯಕ್ಷ ಶಿವಮಲ್ಲಪ್ಪನವರಿಗೆ ಮಾತ್ರ ಮಾನ ಹೋದಂತಾಯಿತು. ಮೈಕು ಕಿತ್ತುಕೊಂಡು ಒಬ್ಬ ಮೇಷ್ಟರ ಕೈಗಿಟ್ಟರು. “ಮೂರ್ ದಿನ ಅನ್ನ ಸೇರ್ನಿಲ್ಲ ಸಾ. ತಪ್ಪು ಒಂದಕ್ಷರದ್ದು, ಕಿತ್ಕೊಂಡಿದ್ದು ಪೂರಾ ಬಾಯ್ನೇ,” ಎನ್ನುತ್ತಾರೆ ಸಣ್ಣತಾಯಮ್ಮ.

ಮೇಷ್ಟರ ಕನ್ನಡದಲ್ಲಿ ಒಂದು ಒತ್ತಕ್ಷರವೂ ತಪ್ಪಲಿಲ್ಲ, ಒಬ್ಬರೂ ನಿಂತು ಕೇಳಲೂ ಇಲ್ಲ. ಅಷ್ಟರಲ್ಲಿ ಪಕ್ಕದೂರಿಗೆ ಕಾಲುಬಾಯಿ ಜ್ವರ ಬಂತು. ‘ಜಾನುವಾರುಗಳಿಗೆ ರೋಗ ನಿರೋಧಕ ಲಸಿಕೆಯನ್ನು ನೀಡಲಾಗುವುದು’ ಎಂದರು ಮೇಷ್ಟರು. ಬಂದದ್ದು ಹನ್ನೊಂದು ದನ. ಸೋಮವಾರ ಇನ್ನೊಂದೇ ಸಲ ಬರುತ್ತೇನೆ, ಆಗಲೂ ಹೀಗೇ ಆದರೆ ಔಷಧಿ ಬೇರೆ ಊರಿಗೆ ಎಂದು ಡಾಕ್ಟರು ಪೆಟ್ಟಿಗೆ ಮುಚ್ಚಿದರು.

ಶಿವಮಲ್ಲಪ್ಪನವರ ಕೊಟ್ಟಿಗೆಯಲ್ಲೇ ಆರು ಹಸುಗಳಿದ್ದವು. ಅಂದು ಸಂಜೆ ಅವರೇ ಮೈಕು ಹಿಡಿದು ಸಣ್ಣತಾಯಮ್ಮನ ಬಾಗಿಲಿಗೆ ಬಂದರು. “ನೀನೇ ಏಳವ್ವ. ಎಂಗ್ ಬತ್ತದೋ ಅಂಗೇ ಏಳು.”

ಸಣ್ಣತಾಯಮ್ಮ ಹೇಳಿದರು: ‘ಸೋಮವಾರ ಕಾಲುಬಾಯಿ ಜ್ವರಕ್ಕೆ ಸೂಜಿ ಆಕ್ತಾರೆ. ಅಸ, ಎಮ್ಮೆ ಎಲ್ಲಾನೂ ಇಡ್ಕೊಂಡ್ ಬನ್ನಿ. ಮರಿತಾಯಮ್ಮ, ನಿನ್ ಗಬ್ಬದಸೂನೂ ಡಾಕ್ಟ್ರಿಗೆ ತೋರ್ಸು.’ ಸೋಮವಾರ ಬಂದದ್ದು ಮುನ್ನೂರ ನಲವತ್ತು ದನ. ಆ ವರ್ಷ ಸೋಸಲೆಯಲ್ಲಿ ಆ ಜ್ವರಕ್ಕೆ ಒಂದು ಕರುವೂ ಸಾಯಲಿಲ್ಲ.

ಕಲಿತದ್ದೇನು ಎಂದು ಕೇಳಿದರೆ ಅವರಿಗೆ ನಾಚಿಕೆ. “ಊರಿಗೆಲ್ಲ ಏಳ್ತೀನಿ ಅಂದ್ರೆ ಯಾರೂ ಕೇಳಲ್ಲ ಸಾ. ಮರಿತಾಯಮ್ಮಂಗೆ ಏಳಿದ್ರೆ ಊರೆಲ್ಲ ಕೇಳ್ತದೆ. ಆಮೇಲೆ, ಮಗಳ ಮದುವೇಲೂ ಒಂದ್ ಸುಕ್ರವಾರ ತಪ್ಪಿಸ್ನಿಲ್ಲ.”

ಮೊನ್ನೆ ಮೈಸೂರಿನಿಂದ ಯಾರೋ ಬಂದು, ಭಾಷೆ ತಿದ್ದಿಕೊಡುತ್ತೇವೆ, ಇನ್ನೂ ನೂರು ಊರಿಗೆ ಕಳಿಸಬಹುದು ಎಂದರಂತೆ. ಸಣ್ಣತಾಯಮ್ಮ ಅವರಿಗೆ ಕಾಫಿ ಕೊಟ್ಟು ಹೇಳಿದ್ದಿಷ್ಟೆ:

“ಟೇಪ್ ರೆಕಾರ್ಡ್ ಅಳೇದಾಗದೆ, ಕೈಲಾದ್ರೆ ಒಸದೊಂದು ಕೊಡ್ಸಿ. ಮಾತು ನಮ್ತಾವೇ ಅದೆ.”